ಅದು ಗುಟ್ಕಾ ಉಗುಳಲ್ರಿ, ಅಣಬಿ ಪುಡಿ

ಹೋದ ಮಳಿಗಾಲದಾಗ ಆಳಂದ ರೋಡಿನ ಕಡಿ ಒಂದ್ ಸಾಲಿಯಿಂದ ಫೋನ್ ಬಂತು. ಬೇವಿನ ಗಿಡದ ಕಟ್ಟಿ ಮ್ಯಾಲ ಯಾರೋ ಗುಟ್ಕಾ ಉಗುಳ್ತಾರ್ರಿ, ತೊಳದ್ರೂ ಮರುದಿನ ಮತ್ತ ಹಂಗ ಕೆಂಪಗ ಆಗ್ತದ, ಗಿಡಕ್ಕೇನರೆ ರೋಗ ಅದೇನು ನೋಡ್ರಿ ಅಂತ.

ಹೋಗಿ ಬಗ್ಗಿ ನೋಡ್ದೆ. ಶಹಾಬಾದ ಫರಸಿ ಮ್ಯಾಲ ನುಣ್ಣನ ಕಂದು ಪುಡಿ, ಬೆರಳಿಗೆ ಹತ್ತಿದ್ರ ಥೇಟ್ ಕಾಚಿನ ಪುಡಿ. ಗಿಡದ ಬಡ್ಡಿಗೆ ಅಂಗೈ ಅಗಲದ ಅಣಬಿ, ವಾರ್ನಿಶ್ ಹಚ್ಚಿದಂಗ ಮಿಂಚ್ತಿತ್ತು, ಅಂಚು ಬೆಳ್ಳಗ. ಇದು ಗ್ಯಾನೋಡರ್ಮಾ, ಗಿಡದ ಬೇರು ಬಡ್ಡಿ ಕೊಳಸೂ ಶಿಲೀಂಧ್ರ. ತೆಂಗು ಅಡಕಿಗೆ ಅಣಬೆ ರೋಗ ತರೂದೂ ಇದೇ ಕುಲದ್ದು. ಆ ಪುಡಿ ಇದರ ಬೀಜಾಣು.

ಗುರ್ತು ಹಿಡೀಬೇಕಂದ್ರ ಕೆಳಗಿನ ಮೈ ನೋಡ್ರಿ, ನಾಯಿಕೊಡಿಗಿದ್ದಂಗ ಪದರ ಇರಂಗಿಲ್ಲ, ಸೂಜಿ ಚುಚ್ಚಿದಂಗ ತೂತು ಇರ್ತಾವ, ಹಸಿ ಇದ್ದಾಗ ಬಿಳಿ, ಉಗುರಿಂದ ಗೀರಿದ್ರ ಕಂದು ಗೆರಿ ಮೂಡ್ತದ. ಜಾಲಿ ಬೊಡ್ಡಿ ಮ್ಯಾಲ ಕುದರಿ ಗೊರಸಿನಂಗ ಕರ್ರಗ, ಬಿರುಕು ಬಿಟ್ಟು ಕಲ್ಲಿನಂಗ ಗಟ್ಟಿ ಇದ್ರ ಅದು ಫೆಲ್ಲಿನಸ್ ಅನ್ನೂ ಬ್ಯಾರೆ ಕಟಗಿ ಅಣಬಿ ಇರಬಹುದು, ಮುರದ್ರ ಒಳಗ ತುಕ್ಕಿನ ಬಣ್ಣ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಅನ್ನೂ ಕ್ಷಾರದ ಹನಿ ಬಿಟ್ರ ಕರ್ರಗ ಆಗ್ತದ. ಟೊಂಗಿ ಮ್ಯಾಲಿನ ಹಸರು ಬದನಿಕಿ ಬ್ಯಾರೆ, ಅದು ಗಿಡದ ಮ್ಯಾಲ ಬೆಳಿಯೂ ಇನ್ನೊಂದ್ ಗಿಡ, ಶಿಲೀಂಧ್ರನ ಅಲ್ಲ.

ಅಣಬಿ ಕಿತ್ತು ಸುಣ್ಣ ಹಚ್ಚಿದ್ರ ನಡೀತದೇನ್ರಿ ಅಂತ ಕೇಳಿದ್ರು. ನಡ್ಯಂಗಿಲ್ಲ, ಯಾಕಂದ್ರ ನಮಗ ಕಾಣೂ ಅಣಬಿ ಬರೇ ಶಿಲೀಂಧ್ರದ ಹಣ್ಣಿದ್ದಂಗ, ರೋಗದ ಮೈಯೆಲ್ಲ ಬೇರು ಬೊಡ್ಡಿ ಒಳಗ ಇರ್ತದ, ಅಣಬಿ ಹೊರಗ ಬರೂ ಹೊತ್ತಿಗೆ ಒಳಗ ವರ್ಷಗಟ್ಟಲೆ ತಿಂದಿರ್ತದ, ಮ್ಯಾಲ ಸುರುವಿದ ಯಾವ ಔಷಧನೂ ಅಲ್ಲಿಗೆ ಮುಟ್ಟಂಗಿಲ್ಲ. ಕಟಗಿ ಸುತ್ತಿಗಿಲೆ ಬಡದ್ರ ಒಂದ್ ಕಡಿ ಟಣ್ ಅಂತಿತ್ತು, ಅಣಬಿ ಇದ್ದ ಕಡಿ ಡಬ್ ಡಬ್. ಸ್ಕ್ರೂಡ್ರೈವರ್ ಒತ್ತಿದ್ರ ನಾಕ್ ಇಂಚು ಸಲೀಸಾಗಿ ಹೋತು, ತುದಿಗೆ ಬೆಳ್ಳಗ ನಾರು ನಾರು, ತೊಯ್ದ ಹತ್ತಿ ಹಂಗ.

ತಪ್ಪಲ ಮಾತ್ರ ಹಸರೇ ಹಸರು. ನೀರು ಒಯ್ಯೂದು ಹೊರಗಿನ ಹಸಿ ಕಟಗಿ, ಅದು ಉಳದ್ರ ಗಿಡ ಚಿಗೀತದ, ಆದ್ರ ನಿಲ್ಲಾಕ ಬಲ ಇರಂಗಿಲ್ಲ, ಒಂದ್ ಗಾಳಿಗೆ ಬುಡಸಮೇತ ಬೀಳ್ತದ. ಅದರ ಕೆಳಗೇ ಮಕ್ಕಳು ಬಿಸಿಯೂಟಕ್ಕ ಕೂಡ್ತಿದ್ವು, ನನಗ ಎದಿ ಝಲ್ ಅಂತು. ಹಿಂದಕ ಫರಸಿ ಹಾಕೂವಾಗ ಮೂರು ದೊಡ್ಡ ಬೇರು ಕಡದಿದ್ರಂತ, ಇಂಥಾ ಗಾಯದಾಗಿಂದ ಇದು ಒಳಗ ಹೊಗ್ತದ.

ಗಿಡ ತಗಸೂದ ಬಿಟ್ರ ದಾರಿ ಇರಲಿಲ್ಲ. ಬಡ್ಡಿ ಬೇರು ಸಮೇತ ಅಗಸಿದ್ವಿ, ಉಳಿದ ಬೇರಿನಾಗ ರೋಗ ವರ್ಷಾನುಗಟ್ಟಲೆ ಜೀವಂತ ಇರ್ತದ. ಹೊಸ ಬೇವಿನ ಸಸಿ ನಾಕ್ ಮಾರು ದೂರ ಹಚ್ಚೀವಿ, ಸುತ್ತ ಬರೇ ಮಣ್ಣು, ಫರಸಿ ಹಾಕಾಕ ಬಿಟ್ಟಿಲ್ಲ.