ಪಿಯುಸಿಯಲ್ಲಿ 96, ಸಿಇಟಿಯಲ್ಲಿ ಅರ್ಧ: ಅಂಕ ಮತ್ತು ಟೆಸ್ಟ್‌ನ ಹಳೆಯ ಜಗಳ

ಸಿಇಟಿ ರ‍್ಯಾಂಕ್ ಬಂದ ವಾರ ಹುಬ್ಬಳ್ಳಿಯ ವಿದ್ಯಾನಗರದಿಂದ ಹಿಡಿದು ರೋಣ, ಹಾನಗಲ್ಲದ ಹಳ್ಳಿಗಳವರೆಗೆ ಒಂದು ಮಾತು ಕೇಳಿಸುತ್ತದೆ: "ಪಿಯುಸಿಯೊಳಗ ತೊಂಬತ್ತಾರು ಪರ್ಸೆಂಟ್ ಮಾಡ್ಯಾಳ, ರ‍್ಯಾಂಕ್ ಯಾಕ ಇಷ್ಟ ಹಿಂದ ಬಂತು?" ಕೇಳುವವರು ಅಪ್ಪ, ಸೋದರಮಾವ, ಓಣಿಯ ಮಂದಿ. ಹುಡುಗಿಯ ಹತ್ತಿರ ಉತ್ತರ ಇರುವುದಿಲ್ಲ. ತಾನು ದಡ್ಡಿ ಅಂತ ಅವಳೇ ನಂಬಿಬಿಡುತ್ತಾಳೆ. ಈ ನಂಬಿಕೆ ತಪ್ಪು. ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಅಂಕ ಬೇರೆ, ಪ್ರವೇಶ ಪರೀಕ್ಷೆ ಬೇರೆ ಆಗಿದ್ದು ಹೇಗೆ ಅಂತ ನೋಡಬೇಕು.

ಮೊದಲು ಇವೆರಡೂ ಒಂದೇ ಆಗಿದ್ದವು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1857ರಲ್ಲಿ ಶುರುವಾದ ಮುಂಬೈ ವಿಶ್ವವಿದ್ಯಾಲಯ 1859ರಿಂದ ಮ್ಯಾಟ್ರಿಕ್ ಪರೀಕ್ಷೆ ನಡೆಸಿತು. ಶಾಲೆ ಮುಗಿಸಿದ್ದಕ್ಕೆ ಅದೇ ಸಾಕ್ಷಿ, ಕಾಲೇಜಿಗೆ ಸೇರಲು ಅದೇ ಅರ್ಹತೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಮ್ಯಾಟ್ರಿಕ್ ಪಾಸಾದವರು ಪುಣೆಗೋ ಮುಂಬೈಗೋ ಹೋಗುತ್ತಿದ್ದರು. ಪಾಸಾಗುವುದೇ ಕಷ್ಟವಾಗಿದ್ದ ಕಾಲ ಅದು. ಪಾಸಾದವರನ್ನು ಇನ್ನೊಮ್ಮೆ ಸೋಸುವ ಅಗತ್ಯ ಯಾರಿಗೂ ಬರಲಿಲ್ಲ.

ಮುಂದೆ ಶಾಲೆಯ ಕೊನೆಯ ಪರೀಕ್ಷೆ ವಿಶ್ವವಿದ್ಯಾಲಯದ ಕೈಯಿಂದ ಬೋರ್ಡ್‌ಗಳ ಕೈಗೆ ಹೋಯಿತು. ಪಾಸಾಗುವವರು ಲಕ್ಷಗಟ್ಟಲೆ ಆದರು. ಸೀಟುಗಳು ಆ ವೇಗದಲ್ಲಿ ಹೆಚ್ಚಲಿಲ್ಲ. ಎರಡನೇ ಪರೀಕ್ಷೆ ಹುಟ್ಟಿದ್ದು ಆ ಅಂತರದಲ್ಲಿ.

ಅಮೆರಿಕದಲ್ಲಿ ಇದು ನಮಗಿಂತ ಮೊದಲೇ ಆಯಿತು. ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಘಮ್ ಮೊದಲ ಮಹಾಯುದ್ಧದ ಸೈನಿಕರಿಗೆ ಕೊಟ್ಟಿದ್ದ ಬುದ್ಧಿ ಪರೀಕ್ಷೆಯನ್ನು ಆಧಾರವಾಗಿ ಇಟ್ಟುಕೊಂಡು ಎಸ್‌ಎಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆ ರೂಪಿಸಿದರು. 1926ರ ಜೂನ್‌ನಲ್ಲಿ ಮೊದಲ ಸಲ ಸುಮಾರು 8,000 ಮಂದಿ ಅದನ್ನು ಬರೆದರು. ಜನಾಂಗಕ್ಕೂ ಬುದ್ಧಿಗೂ ಗಂಟು ಹಾಕಿ ಬರೆದಿದ್ದ ಬ್ರಿಘಮ್ ಕೆಲವೇ ವರ್ಷಗಳಲ್ಲಿ ಆ ವಾದವನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಆದರೆ ಪರೀಕ್ಷೆ ಉಳಿಯಿತು. 1930ರ ದಶಕದಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಜೇಮ್ಸ್ ಕಾನಂಟ್ ಅದನ್ನು ಒಳ್ಳೆಯ ಉದ್ದೇಶಕ್ಕೇ ಬಳಸಿದರು. ದೊಡ್ಡ ಮನೆತನ, ದುಬಾರಿ ಶಾಲೆ ಇಲ್ಲದ ಊರುಗಳ ಜಾಣ ಹುಡುಗರನ್ನು ಹುಡುಕಿ ವಿದ್ಯಾರ್ಥಿವೇತನ ಕೊಡುವುದು ಅವರ ಆಸೆಯಾಗಿತ್ತು. ಬಡ ಊರಿನ ಹುಡುಗನನ್ನು ಮೇಲೆತ್ತಲು ತಂದ ಪರೀಕ್ಷೆಗೇ ಕೆಲವು ದಶಕಗಳಲ್ಲಿ ಕೋಚಿಂಗ್ ಅಂಗಡಿಗಳು ಎದ್ದವು. ದುಡ್ಡಿದ್ದವರ ಅಂಕ ಮೇಲೆ, ಇಲ್ಲದವರ ಅಂಕ ಕೆಳಗೆ. ಇದೇ ಕಥೆ ಮುಂದೆ ನಮ್ಮಲ್ಲೂ ನಡೆಯಿತು.

1969ರಲ್ಲಿ ಅಮೆರಿಕದ ಬೌಡಿನ್ ಅನ್ನುವ ಸಣ್ಣ ಕಾಲೇಜು ಟೆಸ್ಟ್ ಅಂಕ ಕಡ್ಡಾಯವಲ್ಲ ಅಂತ ಹೇಳಿತು. ಟೆಕ್ಸಸ್ 1997ರಲ್ಲಿ ಇನ್ನೂ ಧೈರ್ಯದ ಕಾನೂನು ಮಾಡಿತು. ರಾಜ್ಯದ ಯಾವುದೇ ಹೈಸ್ಕೂಲಾಗಲಿ, ತರಗತಿಯ ಮೊದಲ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜಾಗ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಒಬ್ಬ ಹುಡುಗ ಎಷ್ಟು ಅಂಕ ತೆಗೆದ ಅನ್ನುವುದರ ಜೊತೆಗೆ, ಅವನಿಗೆ ಸಿಕ್ಕಿದ್ದ ಶಾಲೆಯಲ್ಲಿ, ಅಲ್ಲಿದ್ದ ಮೇಷ್ಟ್ರ ಹತ್ತಿರ ಕಲಿತು ಎಲ್ಲಿಗೆ ಮುಟ್ಟಿದ ಅಂತ ಕೇಳುವ ಪದ್ಧತಿ ಅದು.

ಆಮೇಲೆ ಕೋವಿಡ್ ಬಂತು. ಪರೀಕ್ಷಾ ಕೇಂದ್ರಗಳು ಮುಚ್ಚಿದವು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬಹುತೇಕವು ಟೆಸ್ಟ್ ಐಚ್ಛಿಕ ಅಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಎಸ್‌ಎಟಿ ಅಂಕವನ್ನು ನೋಡುವುದನ್ನೇ ಬಿಟ್ಟಿತು. ಆದರೆ ಎಂಐಟಿ 2022ರಲ್ಲೇ ಟೆಸ್ಟ್ ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಡಾರ್ಟ್‌ಮತ್ ಕೊಟ್ಟ ಕಾರಣ ನಮ್ಮ ಮಕ್ಕಳಿಗೂ ಮುಟ್ಟಬೇಕು. ಅನುಕೂಲ ಕಡಿಮೆ ಇದ್ದ ಎಷ್ಟೋ ಮಕ್ಕಳು 1,600ಕ್ಕೆ 1,400ರ ಆಸುಪಾಸಿನ ಅಂಕವನ್ನು 'ಕಡಿಮೆ ಆಯ್ತು' ಅಂತ ಮುಚ್ಚಿಟ್ಟಿದ್ದರು. ಅವರ ಶಾಲೆಯ ಹಿನ್ನೆಲೆಯಲ್ಲಿ ನೋಡಿದರೆ ಅದು ದೊಡ್ಡ ಅಂಕ. ಕಳಿಸಿದ್ದರೆ ಸೀಟು ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು.

ನಮ್ಮ ದೇಶಕ್ಕೆ ಬರೋಣ. 1951ರಲ್ಲಿ ಖರಗ್‌ಪುರದಲ್ಲಿ ಶುರುವಾದ ಐಐಟಿಗಳು 1960ರ ದಶಕದಿಂದ ಒಂದೇ ಪ್ರವೇಶ ಪರೀಕ್ಷೆ ನಡೆಸುತ್ತ ಬಂದಿವೆ. ಬೋರ್ಡ್ ಅಂಕಕ್ಕೆ ಅಲ್ಲಿ ಬೆಲೆ ಕಡಿಮೆ. ಮಕ್ಕಳು ಪಿಯು ಕಾಲೇಜಿನ ಪಾಠ ಬಿಟ್ಟು ಕೋಚಿಂಗ್‌ಗೆ ಓಡುತ್ತಿದ್ದಾರೆ ಅನ್ನುವ ದೂರು ಜಾಸ್ತಿ ಆದಾಗ, ಕೇಂದ್ರ ಸಚಿವರಾಗಿದ್ದ ಕಪಿಲ್ ಸಿಬಲ್ 2012ರಲ್ಲಿ ಬೋರ್ಡ್ ಅಂಕವನ್ನೂ ಸೇರಿಸಲು ಹೊರಟರು. ಐಐಟಿ ಕಾನ್ಪುರದ ಸೆನೆಟ್ ಒಪ್ಪಲಿಲ್ಲ. ಹಾಗಾದರೆ ನಾವು ನಮ್ಮದೇ ಪರೀಕ್ಷೆ ಮಾಡಿಕೊಳ್ಳುತ್ತೇವೆ ಅಂದಿತು. ಕೊನೆಗೆ ರಾಜಿಯಾಯಿತು. ಐಐಟಿಗೆ ಬೋರ್ಡ್ ಅಂಕ ಬರೀ ಅರ್ಹತೆ. ಎನ್‌ಐಟಿಗಳಿಗೆ 2013ರಿಂದ ಜೆಇಇ ಮೇನ್ ಅಂಕಕ್ಕೆ ಶೇ. 60, ಬೋರ್ಡ್ ಅಂಕಕ್ಕೆ ಶೇ. 40.

ಈ ಪ್ರಯೋಗ ನಾಲ್ಕೇ ವರ್ಷ ಬಾಳಿತು. ಒಂದು ಬೋರ್ಡ್‌ನ 90, ಇನ್ನೊಂದು ಬೋರ್ಡ್‌ನ 90 ಒಂದೇ ಅಲ್ಲವಲ್ಲ. ಅವನ್ನು ಸಮ ಮಾಡಲು ಪರ್ಸೆಂಟೈಲ್ ಲೆಕ್ಕ, ಅಂದರೆ ಒಬ್ಬರು ನೂರಕ್ಕೆ ಎಷ್ಟು ಮಂದಿಗಿಂತ ಮೇಲಿದ್ದಾರೆ ಅನ್ನುವ ಲೆಕ್ಕ ತಂದರು. ಎಲ್ಲ ಬೋರ್ಡ್‌ಗಳ ಅಂಕ ಕೈಗೆ ಬರುವ ತನಕ ರ‍್ಯಾಂಕ್ ಪಟ್ಟಿ ಕಾಯಬೇಕಿತ್ತು. 2017ರಿಂದ ಆ ಶೇ. 40 ಹೋಯಿತು. ಉಳಿದದ್ದು ಒಂದು ಗಡಿ ಮಾತ್ರ: 12ನೇ ತರಗತಿಯಲ್ಲಿ ಶೇ. 75, ಇಲ್ಲವೇ ತನ್ನ ಬೋರ್ಡ್‌ನ ಮೊದಲ 20 ಪರ್ಸೆಂಟೈಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 65. 2016ರಲ್ಲಿ ವಾಲ್ಮಿ ಆವರಣದಲ್ಲಿ ಶುರುವಾದ ಐಐಟಿ ಧಾರವಾಡ ಈಗ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್‌ನಲ್ಲಿದೆ. ಆ ಊರಿನ ಹುಡುಗಿಯೇ ಪಿಯುಸಿಯಲ್ಲಿ 98 ತೆಗೆದರೂ ಅಲ್ಲಿ ಆ ಅಂಕ ಗಡಿ ದಾಟಿಸುತ್ತದೆ, ಅಷ್ಟೇ. ಒಳಗೆ ಕೂರಿಸುವುದು ಐಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್.

ಕರ್ನಾಟಕದ ಕಥೆಯ ಬೇರು ದುಡ್ಡಿನಲ್ಲಿದೆ. ಖಾಸಗಿ ಕಾಲೇಜುಗಳ ಕ್ಯಾಪಿಟೇಶನ್ (ಡೊನೇಶನ್) ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾನೂನು ಮಾಡಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಫ್ರೀ ಸೀಟು', 'ಪೇಮೆಂಟ್ ಸೀಟು' ಅಂತ ವಿಂಗಡಿಸಿ, ಮೆರಿಟ್ ಮೇಲೆಯೇ ಹಂಚಬೇಕು ಅಂದಿತು. 1994ರಲ್ಲಿ ಸಿಇಟಿ ಬಂತು. ಗದಗದ ಶಿಕ್ಷಕರ ಮಗಳು ಹುಬ್ಬಳ್ಳಿಯ ಬಿವಿಬಿಯಲ್ಲೋ ಧಾರವಾಡದ ಎಸ್‌ಡಿಎಂನಲ್ಲೋ ಡೊನೇಶನ್ ಇಲ್ಲದೆ ಇಂಜಿನಿಯರಿಂಗ್ ಓದಲು ಆದದ್ದು ಆ ವ್ಯವಸ್ಥೆಯಿಂದ. ಸಿಇಟಿಯನ್ನು ಬೈಯುವಾಗ ಇದನ್ನು ಮರೆಯಬಾರದು.

ನಮ್ಮ ಇಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ. ಕೇಳಲು ನ್ಯಾಯವಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ ಶೇ. 96, ಸಿಇಟಿಯಲ್ಲಿ 180ಕ್ಕೆ 90 ಅಂತ ಇಟ್ಟುಕೊಳ್ಳೋಣ. 48 ಮತ್ತು 25, ಒಟ್ಟು 73. ಇನ್ನೊಬ್ಬನಿಗೆ ಪಿಯುಸಿಯಲ್ಲಿ ಶೇ. 80, ಸಿಇಟಿಯಲ್ಲಿ 120. 40 ಮತ್ತು 33.33, ಒಟ್ಟು 73.33. ಪಿಯುಸಿಯಲ್ಲಿ 16 ಪರ್ಸೆಂಟ್ ಹಿಂದಿದ್ದವನು ಮುಂದೆ ಹೋದ.

ಇದು ಯಾಕೆ ಹೀಗೆ? ಪಿಯುಸಿ ವಿಜ್ಞಾನದಲ್ಲಿ ಚೆನ್ನಾಗಿ ಓದುವವರೆಲ್ಲ 85ರಿಂದ 100ರ ನಡುವೆ ಒತ್ತೊತ್ತಾಗಿ ಕೂತಿರುತ್ತಾರೆ. ಅದೇ ಮಕ್ಕಳ ಸಿಇಟಿ ಅಂಕ 60ರಿಂದ 170ರವರೆಗೆ ಚದುರಿರುತ್ತದೆ. ಅಂಕ ಎಲ್ಲಿ ಹರಡಿರುತ್ತದೋ ರ‍್ಯಾಂಕ್ ಅಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ಕಾಗದದ ಮೇಲೆ ಅರ್ಧ-ಅರ್ಧ ಇದ್ದರೂ ನಿಜವಾಗಿ ತೂಕ ಸಿಇಟಿಗೇ ಜಾಸ್ತಿ. ಪಿಯುಸಿಯಲ್ಲಿ 94ರಿಂದ 96ಕ್ಕೆ ಏರಲು ಆರು ತಿಂಗಳು ಬೆವರು ಸುರಿಸಿದವಳಿಗೆ ಸಿಗುವುದು ಒಂದು ಅಂಕ. ಸಿಇಟಿಯಲ್ಲಿ ನಾಲ್ಕು ಪ್ರಶ್ನೆ ಜಾಸ್ತಿ ಸರಿ ಮಾಡಿದವನಿಗೂ ಅದಕ್ಕಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ. ಪಾಲಕರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೋಚಿಂಗ್ ನಡೆಸುವವರಿಗೆ ಮಾತ್ರ ಚೆನ್ನಾಗಿ ಗೊತ್ತು.

ಕೌಶಲವೂ ಬೇರೆ. ಪಿಯುಸಿ ಉತ್ತರ ಪತ್ರಿಕೆಯಲ್ಲಿ ಹಂತ ಹಂತವಾಗಿ ಬರೆಯಬೇಕು, ಚಿತ್ರ ಬಿಡಿಸಬೇಕು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಒಂದು ಪ್ರಶ್ನೆಗೆ 80 ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲ. ಜೆಇಇ ಮೇನ್, ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಮೊದಲು ಹಿಡಿಯಬೇಕು ಅನ್ನುವುದು ಗಡಿಯಾರ ಇಟ್ಟುಕೊಂಡು ಮಾಡಿದ ಅಭ್ಯಾಸದಿಂದ ಬರುವ ಕಲೆ. ಕೋಚಿಂಗ್ ಜೊತೆಗೇ ಇರುವ ಪಿಯು ಕಾಲೇಜಿನಲ್ಲಿ ಅದು ವಾರವಾರ ನಡೆಯುತ್ತದೆ. ಹಿರೇಕೆರೂರಿನ ಸರ್ಕಾರಿ ಕಾಲೇಜಿಗೆ ಬಸ್ ಹಿಡಿದು ಬರುವ ಹುಡುಗಿಗೆ ಅಂಥ ಅಭ್ಯಾಸ ಎಲ್ಲಿ ಸಿಗಬೇಕು? ಅವಳ ಕಡಿಮೆ ಟೆಸ್ಟ್ ಅಂಕದಲ್ಲಿ ಅವಳ ಬುದ್ಧಿಗಿಂತ ಈ ಕೊರತೆಯೇ ಜಾಸ್ತಿ ಕಾಣುತ್ತದೆ.

ಹಾಗಾದರೆ ಟೆಸ್ಟ್ ತೆಗೆದುಬಿಡೋಣ, ಬರೀ ಪಿಯುಸಿ ಅಂಕ ಸಾಕು ಅನ್ನೋಣವಾ? ತಮಿಳುನಾಡು ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ ಇಂಜಿನಿಯರಿಂಗ್‌ಗೆ ಹಾಗೆ ಮಾಡಿತು, ಈಗಲೂ ಹಾಗೇ ನಡೆಸುತ್ತಿದೆ. ಆದರೆ ಬರೀ ಅಂಕದ ಅಪಾಯವನ್ನು ನಾವು 2021ರಲ್ಲಿ ಕಣ್ಣಾರೆ ಕಂಡೆವು. ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಶೇ. 45, ಪ್ರಥಮ ಪಿಯುಸಿಗೆ ಶೇ. 45, ಕಾಲೇಜಿನ ಆಂತರಿಕ ಅಂಕಕ್ಕೆ ಶೇ. 10 ಕೊಟ್ಟು ಫಲಿತಾಂಶ ಮಾಡಿದರು. ಎರಡು ಸಾವಿರಕ್ಕೂ ಜಾಸ್ತಿ ಮಂದಿಗೆ 600ಕ್ಕೆ 600 ಬಂತು. ಆ ವರ್ಷ ಸಿಇಟಿ ಅಂಕದ ಮೇಲೆಯೇ ರ‍್ಯಾಂಕ್ ಕೊಟ್ಟರು. ಸಮಸ್ಯೆ ಎದ್ದದ್ದು 2022ರಲ್ಲಿ. ಆ ಬ್ಯಾಚಿನ ಸುಮಾರು 24,000 ಮಂದಿ ಮತ್ತೆ ಸಿಇಟಿ ಬರೆದರು. ಅವರ ಪಿಯುಸಿ ಅಂಕವನ್ನು ಪರೀಕ್ಷಾ ಪ್ರಾಧಿಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರ‍್ಯಾಂಕ್ ಪಾತಾಳಕ್ಕೆ ಹೋಯಿತು. ವಿಷಯ ಹೈಕೋರ್ಟ್‌ಗೆ ಹೋಗಿ, ಅವರ ಅಂಕದಲ್ಲಿ ಒಂದಿಷ್ಟು ಕಡಿತ ಮಾಡಿ ಸೇರಿಸುವ ಸೂತ್ರಕ್ಕೆ ಒಪ್ಪಿಗೆಯಾಗಿ, ಹೊಸ ರ‍್ಯಾಂಕ್ ಪಟ್ಟಿ ಬಂತು. ಅಷ್ಟರಲ್ಲಿ ಮಕ್ಕಳು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದರು.

ದೆಹಲಿ ವಿಶ್ವವಿದ್ಯಾಲಯದ್ದು ಇನ್ನೊಂದು ತುದಿ. ಅಲ್ಲಿ ಬರೀ ಬೋರ್ಡ್ ಅಂಕದ ಕಟಾಫ್ ನಡೆಯುತ್ತಿತ್ತು. 2011ರಲ್ಲಿ ಶ್ರೀರಾಮ್ ಕಾಮರ್ಸ್ ಕಾಲೇಜು, ವಾಣಿಜ್ಯ ಓದದೆ ಬಂದವರಿಗೆ ಬಿ.ಕಾಂ. ಆನರ್ಸ್‌ಗೆ 100 ಪರ್ಸೆಂಟ್ ಕಟಾಫ್ ಇಟ್ಟು ಸುದ್ದಿಯಾಯಿತು. 2021ರಲ್ಲಿ ಹಲವು ಕಾಲೇಜುಗಳು 100 ಮುಟ್ಟಿದವು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬಂತು. ಕನ್ನಡದಲ್ಲೂ ಬರೆಯಬಹುದು. 93 ಪರ್ಸೆಂಟಿನ ಗದಗದ ಹುಡುಗನಿಗೆ ಮೊದಲು ಮುಚ್ಚಿದ್ದ ಬಾಗಿಲು ಒಂದಿಷ್ಟು ತೆರೆದಿದೆ, ಇದು ನಿಜ. ಆದರೆ ಸಿಯುಇಟಿ ಪ್ರಶ್ನೆ ಬರುವುದು ಎನ್‌ಸಿಇಆರ್‌ಟಿ ಪುಸ್ತಕದಿಂದ. ನಮ್ಮ ಪಿಯು ವಿಜ್ಞಾನದವರು ಅವನ್ನೇ ಓದುತ್ತಾರೆ. ಕಲಾ ವಿಭಾಗದವರ ಇತಿಹಾಸ, ರಾಜ್ಯಶಾಸ್ತ್ರದ ಪುಸ್ತಕ ರಾಜ್ಯದ್ದು. ಪಿಯುಸಿಯಲ್ಲಿ ಇತಿಹಾಸಕ್ಕೆ 98 ಬಂದವರು ಸಿಯುಇಟಿಯಲ್ಲಿ ತಡವರಿಸಿದರೆ ಕಾರಣ ಇಲ್ಲಿದೆ. ಡಿಸೆಂಬರ್‌ನಲ್ಲೇ ಎನ್‌ಸಿಇಆರ್‌ಟಿ ಪುಸ್ತಕ ಹಿಡಿದರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಅಂಕ ಚೆನ್ನಾಗಿದ್ದು ಟೆಸ್ಟ್ ಕೈಕೊಟ್ಟ ಮಕ್ಕಳು ಮೊದಲು ಕೇಳಬೇಕಾದದ್ದು, ತಾವು ಸೇರಬೇಕೆಂದಿರುವ ಜಾಗ ಯಾವ ಅಂಕ ಓದುತ್ತದೆ ಅಂತ. ಐಐಟಿ ಧಾರವಾಡಕ್ಕೆ ಟೆಸ್ಟ್ ಬಿಟ್ಟು ಬೇರೆ ದಾರಿ ಇಲ್ಲ. ವೈದ್ಯಕೀಯಕ್ಕೆ ನೀಟ್ ಒಂದೇ. ಸಿಇಟಿಯಲ್ಲಿ ಪಿಯುಸಿ ಅಂಕ ಕೈ ಹಿಡಿಯುತ್ತದೆ, ಜೊತೆಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಅದರ ಪ್ರಮಾಣಪತ್ರವನ್ನು ಮಾರ್ಚ್‌ನಲ್ಲೇ ಮಾಡಿಸಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಓಡಾಡಬೇಡಿ. ಅಮೆರಿಕಕ್ಕೆ ಅರ್ಜಿ ಹಾಕುವವರು ಟೆಸ್ಟ್ ಕಡ್ಡಾಯ ಇರುವ ಕಡೆ, ಐಚ್ಛಿಕ ಇರುವ ಕಡೆ, ನೋಡದೇ ಇರುವ ಕಡೆ ಅಂತ ಮೊದಲು ಪಟ್ಟಿ ಮಾಡಲಿ. ಐಚ್ಛಿಕ ಇದ್ದ ಕಡೆ ಸುಮ್ನೆ ಅಂಕ ಮುಚ್ಚಿಡಬೇಡಿ. ನಿಮ್ಮ ಕಾಲೇಜು ಎಂಥದ್ದು, ಅಲ್ಲಿ ಎಷ್ಟು ಜನರಲ್ಲಿ ನೀವು ಎಷ್ಟನೆಯವರು, ಇಂಥ ಪರೀಕ್ಷೆಗೆ ಅಲ್ಲಿ ತಯಾರಿ ಸಿಗುತ್ತದಾ ಅನ್ನುವುದನ್ನು ಪ್ರಾಂಶುಪಾಲರ ಪತ್ರದಲ್ಲಿ ಬರೆಸಿ. ಅಲ್ಲಿಯ ಪ್ರವೇಶ ಅಧಿಕಾರಿಗೆ ಶಿರಹಟ್ಟಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಹೇಳಿದರೆ ಓದುತ್ತಾರೆ.

ರಾಜ್ಯ ಮಾಡಬೇಕಾದ ಕೆಲಸವೂ ಇದೆ. ಅರ್ಧ-ಅರ್ಧ ಸೂತ್ರ ಬಿಡಬಾರದು. ಕಾಲೇಜಿನ ಪಾಠಕ್ಕೆ ಬೆಲೆ ಉಳಿಸಿರುವುದು ಅದೊಂದೇ. ಆದರೆ ಅಂಕವನ್ನು ನೇರವಾಗಿ ಕೂಡಿಸುವ ಬದಲು ಎರಡನ್ನೂ ಪರ್ಸೆಂಟೈಲ್‌ಗೆ ತಂದು ಕೂಡಿಸಿದರೆ ಅರ್ಧ ಅನ್ನುವುದು ನಿಜವಾಗಿಯೂ ಅರ್ಧ ಆಗುತ್ತದೆ. ಬೇರೆ ಬೇರೆ ಬೋರ್ಡ್‌ನವರು ಬಂದಾಗ ತೊಡಕು ಇದೆ, ನಿಜ. ಆದರೂ ದೇಶದ ಎಲ್ಲ ಬೋರ್ಡ್ ಸಂಭಾಳಿಸುವುದಕ್ಕಿಂತ ಇದು ಸಣ್ಣ ಕೆಲಸ. ಸರ್ಕಾರಿ ಪಿಯು ಕಾಲೇಜುಗಳಲ್ಲಿ ಶನಿವಾರ 80 ನಿಮಿಷದ ಒಂದು ಮಾದರಿ ಪರೀಕ್ಷೆ ನಡೆಸಲು ದೊಡ್ಡ ಖರ್ಚೂ ಬೇಕಿಲ್ಲ.

ಮೂರನೇ ದಾರಿಯೂ ನಮ್ಮಲ್ಲೇ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿದಂತೆ ರಾಜ್ಯದ ಕೃಷಿ ಕಾಲೇಜುಗಳಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಪಿಯುಸಿ, ಸಿಇಟಿ ಅಂಕಗಳ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆ ಉಂಟು. ಬೀಜ, ಬೆಳೆ, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಬ್ಯಾಡಗಿಯ ಮೆಣಸಿನಕಾಯಿ ಹೊಲದಲ್ಲಿ ಬೆಳೆದ ಹುಡುಗಿ ಅದಕ್ಕೆ ಹತ್ತು ವರ್ಷದಿಂದ ತಯಾರಾಗಿರುತ್ತಾಳೆ.