ಬಿಗಿಯಾಗಿ ಕಟ್ಟಿದ ದೋಣಿ ಭದ್ರವಾ?

ಪ್ರಶ್ನೆ: ಸರ್, ನಾವು ಬಾಗಲಕೋಟೆಯ ನಾಲ್ವರು ಗೆಳೆಯರು ಗೋವಾದಲ್ಲಿ ಹಾಯಿದೋಣಿ ಬಾಡಿಗೆಗೆ ತಗೊಳ್ತಾ ಇದ್ದೇವೆ. ರಾತ್ರಿ ಮೂರಿಂಗ್ ಬೋಯ್‌ಗೆ (ದೋಣಿ ಕಟ್ಟಲು ತಳಕ್ಕೆ ಸರಪಳಿ ಹಾಕಿ ತೇಲಿಬಿಟ್ಟ ಬುರುಡೆ) ಹಗ್ಗ ಎಷ್ಟು ಬಿಗಿಯಾಗಿ ಕಟ್ಟಬೇಕು?

ರಜೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬಿಗಿಯಾಗಿ ಕಟ್ಟಲೇಬೇಡಿ.

ಎತ್ತನ್ನು ಗೂಟಕ್ಕೆ ಗಿಡ್ಡ ಕಟ್ಟಿದರೆ ಕದಲುವುದಿಲ್ಲ, ನಿಜ. ದೋಣಿಯನ್ನೂ ಹಾಗೇ ಕಟ್ಟಬೇಕು ಅಂತ ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಕೊಟ್ಟಿಗೆಯ ನೆಲ ಏಳುವುದಿಲ್ಲ, ಇಳಿಯುವುದಿಲ್ಲ. ಅಲೆ ಬಂದರೆ ದೋಣಿಯ ಮೂತಿ ಮೇಲೇಳಲೇಬೇಕು. ಹಗ್ಗ ಗಿಡ್ಡವಿದ್ದರೆ ಪ್ರತಿ ಅಲೆಗೂ ಜಗ್ಗುತ್ತದೆ. ಆ ಏಟು ಕ್ಲೀಟ್‌ಗೆ (ದೋಣಿಯ ಮೇಲೆ ಹಗ್ಗ ಸುತ್ತಿ ಕಟ್ಟುವ ಕೊಂಬು), ಹಗ್ಗಕ್ಕೆ, ತಳದ ಸರಪಳಿಗೆ ಬೀಳುತ್ತದೆ. ಗಾಳಿಯ ವೇಗ 2 ಪಟ್ಟಾದರೆ ಅದರ ಒತ್ತಡ 4 ಪಟ್ಟಾಗುತ್ತದೆ. ಸಂಜೆ ಗಟ್ಟಿ ಅನ್ನಿಸಿದ್ದು ನಡುರಾತ್ರಿ ಗಟ್ಟಿ ಇರುವುದಿಲ್ಲ. ನೀರಿನಿಂದ ಮೂತಿ ಎಷ್ಟು ಎತ್ತರವಿದೆಯೋ, ಮೂತಿಯಿಂದ ಬೋಯ್‌ವರೆಗಿನ ಹಗ್ಗ ಅದರ 2.5 ಪಟ್ಟಾದರೂ ಇರಲಿ.

ಗಂಟಿನ ಮೇಲೆ ಗಂಟು ಹಾಕುವುದೂ ಬೇಡ. ಹಗ್ಗ ಸವೆಯುವುದು ಮೂತಿಯ ಅಂಚಿಗೆ ಉಜ್ಜುವ ಗೇಣುದ್ದದಲ್ಲಿ. ಮಲಗುವ ಮುಂಚೆ ನಾನು ಅಲ್ಲಿ ಬೆರಳಾಡಿಸಿ ನೋಡುತ್ತೇನೆ. ಎಳೆ ಎದ್ದು ಒರಟಾಗಿದ್ದರೆ ಹಗ್ಗ ಸ್ವಲ್ಪ ಸರಿಸಿ, ಹಳೇ ಪೈಪಿನ ತುಂಡು ತೊಡಿಸುತ್ತೇನೆ.

ಕಟ್ಟುವ ಕೆಲಸ ಸುಲಭ. ಅಲ್ಲಿ ಕಟ್ಟಿರುವ ದೋಣಿಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆ ಮುಖ ಮಾಡಿ ನಿಧಾನ ಬನ್ನಿ. ಕೊಕ್ಕೆ ಕೋಲಿನಿಂದ ಬೋಯ್ ಹಿಡಿದು, ಮೂತಿಯಿಂದಲೇ ಕಟ್ಟಿ. ನೈಲಾನ್ ಹಗ್ಗ ಎರಡು ಬೇಕು, ನೈಲಾನ್ ಹಿಗ್ಗಿ ಏಟು ತಡೆಯುತ್ತದೆ. ಎಡ ಕ್ಲೀಟ್‌ನ ಹಗ್ಗ ಬೋಯ್‌ನ ಬಳೆಯೊಳಗಿಂದ ಎಡಕ್ಕೇ ವಾಪಸ್ ಬರಲಿ, ಬಲದ್ದು ಬಲಕ್ಕೆ. ಒಂದೇ ಹಗ್ಗವನ್ನು ಎಡದಿಂದ ಬಲಕ್ಕೆ ಎಳೆದರೆ ದೋಣಿ ತೂಗಿದಾಗಲೆಲ್ಲ ಗರಗಸದ ಹಾಗೆ ಬಳೆಗೆ ಉಜ್ಜುತ್ತದೆ. ಆ ಮೂರಿಂಗ್ ಎಷ್ಟು ದೊಡ್ಡ ದೋಣಿ ತಡೆಯುತ್ತದೆ ಅಂತ ಬಾಡಿಗೆ ಕೊಟ್ಟವರನ್ನು ಮೊದಲೇ ಕೇಳಿ.

ನೀವು ಕೇಳಿಲ್ಲ, ಆದರೂ ನಮ್ಮ ಆಲಮಟ್ಟಿ ಹಿನ್ನೀರಿನ ಮಾತು ಹೇಳಲೇಬೇಕು. ಬೋಯ್ ನೀರಿನ ಜೊತೆ ಏರಿಳಿಯುತ್ತದೆ, ದಂಡೆಯ ಜಾಲಿಗಿಡ ಏರಿಳಿಯುವುದಿಲ್ಲ ಅಲ್ವಾ? ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಇಲ್ಲಿ ಬಿಸಿಲಿದ್ದರೂ ಕೃಷ್ಣೆ ಏರುತ್ತಾಳೆ. ಮೊಳ ಹಗ್ಗದಲ್ಲಿ ಗಿಡದ ಬುಡಕ್ಕೆ ಕಟ್ಟಿದ್ದ ದೋಣಿಯೊಂದನ್ನು ಬೆಳಗ್ಗೆ ನೋಡಿದ್ದೇನೆ. ಬುಡ ಮುಳುಗಿತ್ತು, ಹಗ್ಗ ಮೂತಿಯನ್ನು ಕೆಳಗೆ ಹಿಡಿದಿತ್ತು, ಒಳಗೆಲ್ಲ ನೀರು. ಮಳೆಗಾಲದಲ್ಲಿ ದಂಡೆಯ ಎತ್ತರದ ಜಾಗದಲ್ಲಿ ಗೂಟ ಹೊಡೆದು, ಹಗ್ಗ ಉದ್ದ ಬಿಡಿ. ಸಂಜೆಗೊಮ್ಮೆ ಹೋಗಿ ನೋಡಿ ಬನ್ನಿ.