ಅನುಮಾನದ ಫೈಲನ್ನು ಎಲ್ಲಿ ತೆರೆಯಬೇಕು?

ಮನೆ ಕಂಪ್ಯೂಟರಿಗೆ ವೈರಸ್ ಹೊಕ್ಕ ದಾರಿ ಹುಡುಕುತ್ತಾ ಹೋದರೆ, ಬಹಳಷ್ಟು ಸಲ ಮನೆಯವರೇ ಡಬಲ್ ಕ್ಲಿಕ್ ಮಾಡಿದ ಒಂದು ಫೈಲ್ ಸಿಗುತ್ತದೆ. ಅದರ ಪೂರ್ತಿ ಹೆಸರು, ಉದಾಹರಣೆಗೆ, ‘ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ’. ಕೊನೆಯ ಆ ಇಎಕ್ಸ್‌ಇಯನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸುವುದಿಲ್ಲ. ಹಾಗಾಗಿ ಅದು ಓಡುವ ಪ್ರೋಗ್ರಾಂ ಆದರೂ ಕಣ್ಣಿಗೆ ಬರೀ ಪಿಡಿಎಫ್. ಹುಷಾರಾಗಿರಿ ಅಂತ ಹೇಳಿದರೆ ಸಾಕಾಗಲ್ಲ. ತೆರೆಯಲೇಬೇಕಾದ ಫೈಲಿಗೆ ಬೇರೆ ಜಾಗ ಬೇಕು.

ನಿಮ್ಮದು ವಿಂಡೋಸ್ ಪ್ರೊ ಆದರೆ ಆ ಜಾಗ ಆಗಲೇ ಒಳಗಿದೆ. 2019ರಲ್ಲಿ ವಿಂಡೋಸ್ 10ರಲ್ಲಿ ಬಂದ ವಿಂಡೋಸ್ ಸ್ಯಾಂಡ್‌ಬಾಕ್ಸ್ ಅದು. ತೆರೆದಾಗ ಕಿಟಕಿಯೊಳಗೆ ಹೊಸ ವಿಂಡೋಸ್ ಬರುತ್ತದೆ, ಮುಚ್ಚಿದಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬಂದವರನ್ನು ಜಗಲಿಯಲ್ಲೇ ಕೂರಿಸಿ, ಮಾತಾಡಿಸಿ ಕಳಿಸುವ ಹಾಗೆ. ಕನಿಷ್ಠ 4 ಜಿಬಿ ರ‍್ಯಾಮ್ ಸಾಕು ಅಂತಾರೆ, ಆದರೆ 8 ಇಲ್ಲದಿದ್ದರೆ ಒದ್ದಾಡುತ್ತದೆ.

ಮೊದಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ವರ್ಚುವಲೈಸೇಶನ್: ಎನೇಬಲ್ಡ್’ ಅಂತ ಇದೆಯಾ ನೋಡಿ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ ಅದು. ಇಲ್ಲದಿದ್ದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಆನ್ ಮಾಡಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಮುಟ್ಟಿದ ಮೇಲೆ ಕೆಲವು ಯಂತ್ರಗಳು ಅದನ್ನು ಕೇಳುತ್ತವೆ. ಆಮೇಲೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಸ್ಯಾಂಡ್‌ಬಾಕ್ಸ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಚಿಂತೆ ಇರುವುದೇ ಇಲ್ಲಿ. ನೀವು ಏನೂ ಬದಲಿಸದಿದ್ದರೆ ಸ್ಯಾಂಡ್‌ಬಾಕ್ಸ್‌ಗೆ ಇಂಟರ್ನೆಟ್ ಇರುತ್ತದೆ. ನೀವು ಹೊರಗೆ ಕಾಪಿ ಮಾಡಿದ ಪಾಸ್‌ವರ್ಡ್ ಒಳಗೂ ಸಿಗುತ್ತದೆ, ಕ್ಲಿಪ್‌ಬೋರ್ಡ್ ಎರಡಕ್ಕೂ ಒಂದೇ. ಇವನ್ನು ಮುಚ್ಚಲು ನೋಟ್‌ಪ್ಯಾಡ್‌ನಲ್ಲಿ ನಾಲ್ಕಾರು ಸಾಲಿನ, ಸ್ಯಾಂಡ್‌ಬಾಕ್ಸ್‌ನ ಸೆಟ್ಟಿಂಗ್ ಇರುವ ಡಬ್ಲ್ಯುಎಸ್‌ಬಿ ಫೈಲ್ ಬರೆದು, ನೆಟ್‌ವರ್ಕಿಂಗ್ ಮತ್ತು ಕ್ಲಿಪ್‌ಬೋರ್ಡ್ ರೀಡೈರೆಕ್ಷನ್ ಎರಡಕ್ಕೂ ‘ಡಿಸೇಬಲ್’ ಕೊಡಬೇಕು. ಇನ್ನು ಮುಂದೆ ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿಯೇ ಸ್ಯಾಂಡ್‌ಬಾಕ್ಸ್ ತೆರೆಯಿರಿ. ಅನುಮಾನದ ಫೈಲ್ ಒಳಗೆ ಸಿಗಲು, ಅದೇ ಡಬ್ಲ್ಯುಎಸ್‌ಬಿ ಫೈಲಿನಲ್ಲಿ ನಿಮ್ಮ ಫೋಲ್ಡರ್ ಒಂದನ್ನು ಒಳಗೆ ಕಾಣಿಸುವಂತೆಯೂ ಮಾಡಬಹುದು. ಆಗ ‘ರೀಡ್ ಓನ್ಲಿ’ಗೆ ‘ಟ್ರೂ’ ಅಂತ ನೀವೇ ಬರೆಯಬೇಕು. ಮರೆತರೆ ಆ ಫೋಲ್ಡರ್‌ನಲ್ಲಿ ಬರೆಯುವ ಅನುಮತಿಯೂ ಸಿಕ್ಕಿಬಿಡುತ್ತದೆ. ಒಳಗೆ ಓಡಿದ, ಹಣಕ್ಕಾಗಿ ಕಡತಗಳನ್ನು ಒತ್ತೆ ಇಡುವ ರ‍್ಯಾನ್ಸಮ್‌ವೇರ್ ಮಗುವಿನ ಫೋಟೊಗಳನ್ನು ಅಲ್ಲಿಂದಲೇ ಲಾಕ್ ಮಾಡಬಲ್ಲದು. ಸ್ಯಾಂಡ್‌ಬಾಕ್ಸ್ ಮುಚ್ಚಿದರೆ ಅವು ವಾಪಸ್ ಬರಲ್ಲ.

ವಿಂಡೋಸ್ ಹೋಮ್‌ನಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಕೆಲವರು ಇನ್ನೊಂದು ತಂತ್ರಾಂಶವಾದ ಸ್ಯಾಂಡ್‌ಬಾಕ್ಸಿ ಬಳಸುತ್ತಾರೆ. ಅದು ಬೇರೆ ವಿಂಡೋಸ್ ಎಬ್ಬಿಸುವುದಿಲ್ಲ, ಪ್ರೋಗ್ರಾಂ ಬರೆಯುವುದನ್ನು ಮಾತ್ರ ಬೇರೆ ಕಡೆ ತಿರುಗಿಸುತ್ತದೆ. ನಿಮ್ಮ ಕಡತಗಳನ್ನು ಓದುವುದಕ್ಕೆ ಸಾಮಾನ್ಯ ಬಾಕ್ಸ್‌ನಲ್ಲಿ ತಡೆ ಇಲ್ಲ. ಮಾಹಿತಿ ಕದಿಯುವ ಮಾಲ್‌ವೇರ್‌ಗೆ ಅಷ್ಟೇ ಸಾಕು, ಅಲ್ವಾ? ಹೋಮ್ ಇರುವವರಿಗೆ ನಾನು ಹೇಳುವುದು, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಯಂತ್ರ) ಓಡಿಸುವ ತಂತ್ರಾಂಶ ವರ್ಚುವಲ್‌ಬಾಕ್ಸ್. ಅದರ ಶುದ್ಧ ಸ್ಥಿತಿಯನ್ನು ಉಳಿಸಿಡುವ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡು, ಕೆಲಸ ಮುಗಿದಾಗ ಅದಕ್ಕೇ ಹಿಂತಿರುಗಿ. ನೆಟ್‌ವರ್ಕನ್ನು ‘ಬ್ರಿಡ್ಜ್ಡ್’ ಇಡಬೇಡಿ. ಇಟ್ಟರೆ ಆ ವರ್ಚುವಲ್ ಯಂತ್ರ ನಿಮ್ಮ ವೈಫೈಯಲ್ಲಿ ಮತ್ತೊಂದು ಕಂಪ್ಯೂಟರ್ ಆಗಿ ಕೂರುತ್ತದೆ. 2017ರ ವಾನಾಕ್ರೈ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಯಾರೂ ಕ್ಲಿಕ್ ಮಾಡದೆ, ನೆಟ್‌ವರ್ಕ್ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ.

‘ಸ್ಯಾಂಡ್‌ಬಾಕ್ಸ್‌ನಲ್ಲಿ ಓಡಿಸಿ ನೋಡಿದೆ ಸರ್, ಏನೂ ಆಗಲಿಲ್ಲ, ಆಮೇಲೆ ಕಂಪ್ಯೂಟರಿಗೆ ಹಾಕಿಕೊಂಡೆ’ ಅನ್ನುವವರಿಗೆ ನಾನು ಪ್ರತಿಸಲ ಇದನ್ನೇ ಹೇಳುತ್ತೇನೆ. ಕೆಲವು ಮಾಲ್‌ವೇರ್‌ಗಳು ತಾವು ವರ್ಚುವಲ್ ಯಂತ್ರದಲ್ಲಿ ಇದ್ದೇವಾ ಅಂತ ಮೊದಲು ನೋಡುತ್ತವೆ. ಹೌದಾದರೆ ತೆಪ್ಪಗಿರುತ್ತವೆ. ಇನ್ನು ಕೆಲವು ಗಂಟೆಗಟ್ಟಲೆ ಕಾಯುತ್ತವೆ. ಹಾಗಾಗಿ ಒಳ್ಳೆಯದೋ ಕೆಟ್ಟದ್ದೋ ಅಂತ ಪರೀಕ್ಷೆ ಮಾಡಲು ಸ್ಯಾಂಡ್‌ಬಾಕ್ಸ್ ನಂಬಬೇಡಿ. ಫೈಲನ್ನು ಅಲ್ಲೇ ತೆರೆಯಿರಿ, ಅಲ್ಲೇ ಓದಿ, ಅಲ್ಲೇ ಬಿಡಿ. ಸಾಫ್ಟ್‌ವೇರ್ ದಿನಾ ಬೇಕೇ ಬೇಕು ಅಂದರೆ ಅದು ವರ್ಚುವಲ್‌ಬಾಕ್ಸ್ ಒಳಗೇ ಇರಲಿ.

ಈ ರಕ್ಷಣೆ ಒಂದೇ ದಿಕ್ಕಿನದು ಅನ್ನುವುದನ್ನೂ ತಿಳಿದಿರಿ. ಹೊರಗಿನ ವಿಂಡೋಸ್‌ನಲ್ಲೇ ಕೀಲಾಗರ್ ಕೂತಿದ್ದರೆ, ಒಳಗೆ ಬ್ಯಾಂಕ್ ಪುಟ ತೆರೆದರೂ ನೀವು ಒತ್ತುವ ಪ್ರತಿ ಕೀಲಿ ಅದಕ್ಕೆ ಗೊತ್ತಾಗುತ್ತದೆ. ಗೋಡೆಯಲ್ಲೂ ಬಿರುಕು ಬರುವುದುಂಟು. 2015ರಲ್ಲಿ ಸಿಕ್ಕ ವೆನಮ್ ಅನ್ನುವ ದೋಷ ಇದ್ದದ್ದು ವರ್ಚುವಲ್ ಯಂತ್ರ ಓಡಿಸುವ ಕ್ಯೂಇಎಂಯು ತಂತ್ರಾಂಶದ ಫ್ಲಾಪಿ ಡ್ರೈವ್ ಭಾಗದಲ್ಲಿ. ಯಾರೂ ಬಳಸದ ಆ ಮೂಲೆಯಿಂದ ವರ್ಚುವಲ್ ಯಂತ್ರದ ಹೊರಗೆ ನುಸುಳಲು ದಾರಿ ಇತ್ತು. ಹಾಗಾಗಿ ವಿಂಡೋಸ್ ಜತೆಗೆ ವರ್ಚುವಲ್‌ಬಾಕ್ಸನ್ನೂ ಅಪ್‌ಡೇಟ್ ಮಾಡುತ್ತಿರಿ. ಬ್ಯಾಕಪ್ ಹಾರ್ಡ್ ಡಿಸ್ಕನ್ನು ಕಾಪಿ ಮುಗಿದ ತಕ್ಷಣ ಕಂಪ್ಯೂಟರಿನಿಂದ ಬಿಚ್ಚಿಡಿ.